ಡೀಸೆಲ್ ಕಾರಿನ ನೀಲಿ ಮುಚ್ಚಳ: ಹೊಗೆ ತೊಳೆಯುವ ದ್ರವದ ಒಳಗುಟ್ಟು

ಡೀಸೆಲ್ ಕಾರಿನ ಇಂಧನ ಟ್ಯಾಂಕಿನ ಬಾಗಿಲು ತೆರೆದರೆ ಈಗ ಹಲವು ಮಾದರಿಗಳಲ್ಲಿ ಎರಡು ಮುಚ್ಚಳಗಳು ಕಾಣಸಿಗುತ್ತವೆ. ದೊಡ್ಡದು ಡೀಸೆಲ್‌ಗೆ. ಪಕ್ಕದಲ್ಲಿರುವ ನೀಲಿ ಬಣ್ಣದ ಚಿಕ್ಕ ಮುಚ್ಚಳ ಯಾವುದಕ್ಕೆ ಎಂಬ ಪ್ರಶ್ನೆ ಅನೇಕ ಮಾಲೀಕರಿಗೆ ಏಳುವುದು, ಇನ್ನಿಷ್ಟು ಕಿಲೋಮೀಟರ್ ಕ್ರಮಿಸಿದ ಮೇಲೆ ಎಂಜಿನ್ ಚಾಲೂ ಆಗದು ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಮೂಡಿದ ದಿನವೇ. ಟ್ಯಾಂಕಿನ ತುಂಬ ಡೀಸೆಲ್ ಇರಬಹುದು, ಬ್ಯಾಟರಿಯೂ ಹೊಸದಿರಬಹುದು. ಆದರೆ ನೀಲಿ ಮುಚ್ಚಳದ ಕೆಳಗಿನ ದ್ರವ ಖಾಲಿಯಾದರೆ, ಒಮ್ಮೆ ನಿಲ್ಲಿಸಿದ ಕಾರು ಮತ್ತೆ ಹೊರಡುವುದಿಲ್ಲ.

ಈ ದ್ರವದ ಹೆಸರು ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್, ಸಂಕ್ಷಿಪ್ತವಾಗಿ ಡಿಇಎಫ್. ಯುರೋಪಿನಲ್ಲಿ ಮತ್ತು ನಮ್ಮಲ್ಲಿ ‘ಆಡ್‌ಬ್ಲೂ’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಅದು ಜರ್ಮನಿಯ ವಾಹನ ತಯಾರಕರ ಒಕ್ಕೂಟವಾದ ವಿಡಿಎಯ ನೋಂದಾಯಿತ ವಾಣಿಜ್ಯ ಮುದ್ರೆ. ಹೆಸರಿನಲ್ಲಿ ನೀಲಿ ಇದ್ದರೂ ದ್ರವಕ್ಕೆ ಬಣ್ಣವಿಲ್ಲ. ಅದರಲ್ಲಿರುವುದು ಎರಡೇ ಪದಾರ್ಥ: ಶೇ. 32.5ರಷ್ಟು ಶುದ್ಧ ಯೂರಿಯಾ, ಶೇ. 67.5ರಷ್ಟು ಖನಿಜಾಂಶ ತೆಗೆದ ನೀರು. ಇದು ಇಂಧನವಲ್ಲ, ಡೀಸೆಲ್‌ಗೆ ಬೆರೆಸುವ ಔಷಧವೂ ಅಲ್ಲ. ಎಂಜಿನ್‌ನೊಳಕ್ಕೆ ಇದರ ಒಂದು ಹನಿಯೂ ಹೋಗುವುದಿಲ್ಲ. ಎಂಜಿನ್‌ನಿಂದ ಹೊರಬಿದ್ದ ಹೊಗೆಯ ಮೇಲೆ, ಸೈಲೆನ್ಸರ್ ತಲುಪುವ ಮುನ್ನ ಇದನ್ನು ಸಿಂಪಡಿಸಲಾಗುತ್ತದೆ. ಯೂರಿಯಾ ಎಂದೊಡನೆ ಮೂತ್ರದ ಮಾತೆತ್ತಿ ನಗುವವರಿದ್ದಾರೆ. ಆದರೆ ಡಬ್ಬಿಯಲ್ಲಿರುವ ಯೂರಿಯಾ ಕಾರ್ಖಾನೆಯಲ್ಲಿ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್‌ಗಳಿಂದ ತಯಾರಾದದ್ದು.

32.5 ಎಂಬ ವಿಚಿತ್ರ ಅಂಕಿಗೂ ಕಾರಣವಿದೆ. ಈ ಪ್ರಮಾಣದಲ್ಲಿ ಬೆರೆಸಿದಾಗ ದ್ರಾವಣವು ಮೈನಸ್ 11 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟದು. ಯೂರಿಯಾ ಹೆಚ್ಚಾದರೂ ಕಡಿಮೆಯಾದರೂ ಅದಕ್ಕಿಂತ ಮೊದಲೇ ಗಟ್ಟಿಯಾಗತೊಡಗುತ್ತದೆ. ಕರ್ನಾಟಕದ ಮಟ್ಟಿಗೆ ಇದು ಚಿಂತೆಯ ವಿಷಯವಲ್ಲ. ಲಡಾಖ್‌ನ ಚಳಿಗಾಲಕ್ಕೆ ಹೊರಟವರಿಗೆ ಮಾತ್ರ ಟ್ಯಾಂಕಿನೊಳಗಿನ ಹೀಟರ್ ನೆರವಿಗೆ ಬರುತ್ತದೆ.

ಡೀಸೆಲ್‌ಗೇ ಏಕೆ ಈ ಶಿಕ್ಷೆ?

ಪೆಟ್ರೋಲ್ ಕಾರುಗಳಿಗೆ ಇಂತಹ ದ್ರವ ಬೇಕಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನಕ್ಕೆ ಎಷ್ಟು ಬೇಕೋ ಅಷ್ಟೇ ಗಾಳಿ ಒಳಸೇರುವುದರಿಂದ ಹೊಗೆಯಲ್ಲಿ ಆಮ್ಲಜನಕ ಉಳಿಯುವುದೇ ಇಲ್ಲವೆನ್ನಬಹುದು. ಹೀಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಒಂದೇ ಡಬ್ಬಿಯಲ್ಲಿ ಮೂರೂ ಬಗೆಯ ವಿಷಾನಿಲಗಳು ಪರಸ್ಪರ ಕಾದಾಡಿ ನಿರಪಾಯಗೊಳ್ಳುತ್ತವೆ. ಡೀಸೆಲ್ ಎಂಜಿನ್‌ನ ಸ್ವಭಾವವೇ ಬೇರೆ. ಅದು ಸದಾ ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೈಲೇಜ್ ಹೆಚ್ಚಲು ಇದೂ ಒಂದು ಕಾರಣ. ಆದರೆ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುವಾಗ ಪೆಟ್ರೋಲ್ ಕಾರಿನ ಆ ಡಬ್ಬಿ ಸಾರಜನಕದ ಆಕ್ಸೈಡ್‌ಗಳ ಎದುರು ನಿರುಪಯುಕ್ತ.

ಗಾಳಿಯಲ್ಲಿ ಸಹಜವಾಗಿರುವ ಸಾರಜನಕವೂ ಆಮ್ಲಜನಕವೂ ಎಂಜಿನ್‌ನ ಉರಿಯಲ್ಲಿ ಕೂಡಿ ಹುಟ್ಟುವ ಈ ಆಕ್ಸೈಡ್‌ಗಳನ್ನು ತಂತ್ರಜ್ಞರು ‘ನಾಕ್ಸ್’ ಎನ್ನುತ್ತಾರೆ. ಇವುಗಳಲ್ಲೊಂದಾದ ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶವನ್ನು ಕೆರಳಿಸುತ್ತದೆ, ಆಸ್ತಮಾ ಇರುವವರನ್ನು ಹೆಚ್ಚು ಕಾಡುತ್ತದೆ. ಬಿಸಿಲಿನಲ್ಲಿ ಇತರ ಅನಿಲಗಳೊಂದಿಗೆ ಸೇರಿ ನೆಲಮಟ್ಟದ ಓಝೋನ್ ಆಗಿಯೂ, ವಾತಾವರಣದಲ್ಲಿ ನೈಟ್ರೇಟ್ ಕಣಗಳಾಗಿಯೂ ಮಾರ್ಪಡುತ್ತದೆ. ಕಪ್ಪು ಹೊಗೆಯಂತೆ ಇದು ಕಣ್ಣಿಗೆ ಬೀಳುವುದಿಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಡುವುದು ಒಳಿತು. ಮುಂದಿನ ಕಥೆಗೆಲ್ಲ ಇದೇ ಮೂಲ.

ಉರಿ ಜೋರಾದಷ್ಟೂ ಮಸಿ ಕಡಿಮೆ, ನಾಕ್ಸ್ ಹೆಚ್ಚು. ಉರಿ ತಗ್ಗಿಸಿದರೆ ನಾಕ್ಸ್ ಕಡಿಮೆ, ಮಸಿ ಹೆಚ್ಚು. ಈ ತಕ್ಕಡಿಯನ್ನು ಸರಿದೂಗಿಸಲು ಎಂಜಿನಿಯರುಗಳು ಹೊಗೆಯ ಒಂದು ಪಾಲನ್ನೇ ಮತ್ತೆ ಎಂಜಿನ್‌ಗೆ ಕಳುಹಿಸುವ ಉಪಾಯವನ್ನು ಬಹುಕಾಲ ನೆಚ್ಚಿಕೊಂಡಿದ್ದರು. ನಿಯಮಗಳು ಬಿಗಿಯಾದಾಗ ಅದು ಸಾಲದಾಯಿತು. ಮಸಿಗೆ ಪ್ರತ್ಯೇಕ ಸೋಸುಕ ಬಂದಿತು. ಅದೇ ಡಿಪಿಎಫ್. ನಾಕ್ಸ್‌ಗೆ ದ್ರವ ಬಂದಿತು. ಅದೇ ಡಿಇಎಫ್. ಹೆಸರುಗಳ ಹೋಲಿಕೆಯಿಂದ ಎರಡನ್ನೂ ಒಂದೇ ಎಂದು ಭಾವಿಸುವವರಿದ್ದಾರೆ. ಒಂದು ಜರಡಿ, ಇನ್ನೊಂದು ತೊಳೆಯುವ ನೀರು.

ಹನಿಯ ಹಾದಿ

ಪ್ಲಾಸ್ಟಿಕ್ ಟ್ಯಾಂಕಿನಿಂದ ಪಂಪ್ ಮೂಲಕ ಹೊರಟ ದ್ರವವನ್ನು ಪುಟ್ಟ ಇಂಜೆಕ್ಟರ್ ಬಿಸಿ ಹೊಗೆಯೊಳಕ್ಕೆ ಮಂಜಿನಂತೆ ಚಿಮ್ಮಿಸುತ್ತದೆ. ಮೊದಲು ನೀರು ಆವಿಯಾಗುತ್ತದೆ. ಅನಂತರ ಯೂರಿಯಾ ಒಡೆದು ಅಮೋನಿಯಾ ಬಿಡುಗಡೆಯಾಗುತ್ತದೆ. ಅಮೋನಿಯಾ ಬೆರೆತ ಹೊಗೆಯು ಜೇನುಗೂಡಿನಂತಿರುವ ವೇಗವರ್ಧಕದ ಮೂಲಕ ಹಾಯುವಾಗ ನಾಕ್ಸ್ ಮತ್ತು ಅಮೋನಿಯಾ ಕೂಡಿ ಬರಿಯ ಸಾರಜನಕ ಮತ್ತು ನೀರಾವಿಯಾಗಿ ಬದಲಾಗುತ್ತವೆ. ಕಾರುಗಳಲ್ಲಿ ತಾಮ್ರ ಅಥವಾ ಕಬ್ಬಿಣ ಸೇರಿಸಿದ ಜಿಯೋಲೈಟ್ ಎಂಬ ಖನಿಜವೇ ಸಾಮಾನ್ಯವಾಗಿ ವೇಗವರ್ಧಕ. ಹೊಗೆಯಲ್ಲಿ ಎಷ್ಟೇ ಆಮ್ಲಜನಕವಿದ್ದರೂ ಅಮೋನಿಯಾ ಅದನ್ನು ಬಿಟ್ಟು ನಾಕ್ಸ್‌ನ ಮೇಲೆಯೇ ಎರಗುವುದರಿಂದ ಈ ವಿಧಾನಕ್ಕೆ ಸೆಲೆಕ್ಟಿವ್ ಕ್ಯಾಟಲಿಟಿಕ್ ರಿಡಕ್ಷನ್, ಅಂದರೆ ಎಸ್‌ಸಿಆರ್ ಎಂಬ ಹೆಸರು ಬಂದಿದೆ. ವೇಗವರ್ಧಕದ ಹಿಂದೆ ಮುಂದೆ ಕುಳಿತ ನಾಕ್ಸ್ ಸೆನ್ಸರ್‌ಗಳು ಫಲಿತಾಂಶವನ್ನು ಅಳೆದು ಕಂಪ್ಯೂಟರಿಗೆ ವರದಿ ಸಲ್ಲಿಸುತ್ತವೆ. ಎಷ್ಟು ಸಿಂಪಡಿಸಬೇಕೆಂದು ನಿರ್ಧರಿಸುವುದು ಆ ಕಂಪ್ಯೂಟರ್.

ಒಂದು ಷರತ್ತಿದೆ. ಹೊಗೆ 180ರಿಂದ 200 ಡಿಗ್ರಿಯಷ್ಟಾದರೂ ಕಾಯದಿದ್ದರೆ ಯೂರಿಯಾ ಸರಿಯಾಗಿ ಒಡೆಯದೆ ಕೊಳವೆಯಲ್ಲಿ ಬಿಳಿಯ ಹರಳಾಗಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೊಗೆ ತಣ್ಣಗಿರುವಾಗ ಸಿಂಪರಣೆ ನಡೆಯುವುದೇ ಇಲ್ಲ. ಹೆದ್ದಾರಿಯಲ್ಲಿ ಇದು ಸಮಸ್ಯೆಯಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಆಮೆಯಂತೆ ತೆವಳುವ ಕಾರಿಗೆ, ಮನೆಯಿಂದ ಮಾರುಕಟ್ಟೆಗಷ್ಟೇ ಹೋಗಿಬರುವ ಕಾರಿಗೆ ಇದು ನಿಜವಾದ ಸಮಸ್ಯೆ. ಜನ ಅತಿ ಹೆಚ್ಚು ಉಸಿರಾಡುವ ಜಾಗದಲ್ಲಿಯೇ ವ್ಯವಸ್ಥೆ ದುರ್ಬಲವಾಗುವುದು ಈ ತಂತ್ರಜ್ಞಾನದ ದೊಡ್ಡ ಕೊರತೆ. ಫೋಕ್ಸ್‌ವ್ಯಾಗನ್ ಕಂಪನಿ 2019ರಲ್ಲಿ ಹೊರತಂದ ಹೊಸ ಎಂಜಿನ್‌ನಲ್ಲಿ ಎರಡು ವೇಗವರ್ಧಕಗಳನ್ನಿಟ್ಟು ಎರಡು ಕಡೆ ಸಿಂಪಡಿಸುವ ಏರ್ಪಾಟು ಮಾಡಿದ್ದು ಇದೇ ಕಾರಣಕ್ಕೆ. ಒಂದು ವೇಗವರ್ಧಕ ಎಂಜಿನ್‌ಗೆ ತಾಗಿಕೊಂಡೇ ಇರುವುದರಿಂದ ಬೇಗ ಬಿಸಿಯಾಗುತ್ತದೆ. ಎರಡನೆಯದು ಕಾರಿನ ತಳಭಾಗದಲ್ಲಿದ್ದು ಹೆಚ್ಚು ಭಾರದ ಚಾಲನೆಯಲ್ಲಿ ಕೆಲಸಕ್ಕೆ ಬರುತ್ತದೆ.

ತಪ್ಪಿಸಲಾಗದ ಲೆಕ್ಕ

ಒಂದು ಲೀಟರ್ ದ್ರವದ ತೂಕ ಸುಮಾರು 1.09 ಕಿಲೋ. ಅದರಲ್ಲಿ ಯೂರಿಯಾ ಸುಮಾರು 354 ಗ್ರಾಂ. ಇಷ್ಟು ಯೂರಿಯಾದಿಂದ ದೊರೆಯುವುದು ಸುಮಾರು 200 ಗ್ರಾಂ ಅಮೋನಿಯಾ. ಮಾಲಿನ್ಯ ನಿಯಮಗಳಲ್ಲಿ ನಾಕ್ಸ್ ಅಳೆಯುವ ಕ್ರಮದಲ್ಲೇ ಎಣಿಸಿದರೆ, ಈ ಅಮೋನಿಯಾ ಹೆಚ್ಚೆಂದರೆ 540 ಗ್ರಾಂ ನಾಕ್ಸ್ ಅನ್ನು ನಿವಾರಿಸಬಲ್ಲದು. ಅಂದರೆ ಒಂದು ಲೀಟರ್ ದ್ರವಕ್ಕೆ ಸುಮಾರು ಅರ್ಧ ಕಿಲೋ. ಎಷ್ಟೇ ಜಾಣ ಎಂಜಿನಿಯರ್ ಆದರೂ ಇದಕ್ಕಿಂತ ಹೆಚ್ಚು ಕೆಲಸವನ್ನು ಅದರಿಂದ ಹೊರಡಿಸಲಾರ.

ಕಾರುಗಳು ಸಾಮಾನ್ಯವಾಗಿ 1000 ಕಿಲೋಮೀಟರಿಗೆ 1ರಿಂದ 1.5 ಲೀಟರ್ ದ್ರವ ಬಳಸುತ್ತವೆ. ಲೀಟರಿನ ಲೆಕ್ಕವನ್ನೇ ಹಿಡಿದರೂ 16 ಸಾವಿರ ಕಿಲೋಮೀಟರಿಗೆ 16 ಲೀಟರ್ ಬೇಕು. ಟ್ಯಾಂಕ್ ಚಿಕ್ಕದಾದರೆ ಮಾಲೀಕ ಆಗಾಗ ತುಂಬಿಸಬೇಕು. ದೊಡ್ಡದಾದರೆ ಡಿಕ್ಕಿಯ ಜಾಗ, ತೂಕ, ಖರ್ಚು ಎಲ್ಲವೂ ಹೆಚ್ಚು. ಮೂರನೆಯ ದಾರಿ ಒಂದೇ: ಸಿಂಪರಣೆಯನ್ನು ಕಡಿಮೆ ಮಾಡುವುದು. ಆಗ ಟ್ಯಾಂಕೂ ಚಿಕ್ಕದಿರುತ್ತದೆ, ಗ್ರಾಹಕನಿಗೂ ಕಿರಿಕಿರಿಯಿಲ್ಲ. ನಾಕ್ಸ್ ಮಾತ್ರ ಹಾಗೆಯೇ ಹೊರಹೋಗುತ್ತದೆ. ವಾಹನೋದ್ಯಮದ ಇತಿಹಾಸದಲ್ಲೇ ಅತಿ ದೊಡ್ಡ ಹಗರಣಗಳಲ್ಲೊಂದರ ಬೇರು ಇಲ್ಲಿದೆ.

ಲಾರಿಯಿಂದ ಕಾರಿಗೆ

ಅಮೋನಿಯಾ ಬಳಸಿ ನಾಕ್ಸ್ ತೊಡೆಯುವ ವಿದ್ಯೆಗೆ ಅಮೆರಿಕದಲ್ಲಿ 1957ರಲ್ಲೇ ಪೇಟೆಂಟ್ ದೊರೆತಿತ್ತು. ಜಪಾನಿನ ವಿದ್ಯುತ್ ಸ್ಥಾವರಗಳು 1970ರ ದಶಕದಲ್ಲಿ ಅದನ್ನು ಬಳಕೆಗೆ ತಂದವು. ರಸ್ತೆಗಿಳಿದದ್ದು ಬಹಳ ತಡವಾಗಿ. 2004ರಲ್ಲಿ ಜಪಾನಿನ ನಿಸಾನ್ ಡೀಸೆಲ್ ಕಂಪನಿಯ ‘ಕ್ವಾನ್’ ಲಾರಿ ಯೂರಿಯಾ ಟ್ಯಾಂಕಿನೊಂದಿಗೆ ಮಾರುಕಟ್ಟೆಗೆ ಬಂದಿತು. ಅದೇ ಆಸುಪಾಸಿನಲ್ಲಿ ಯುರೋಪಿನ ಲಾರಿ ತಯಾರಕರೂ ಅದೇ ಹಾದಿ ಹಿಡಿದರು. ಲಾರಿ ಚಾಲಕರಿಗೆ ಇನ್ನೊಂದು ಟ್ಯಾಂಕ್ ತುಂಬಿಸುವುದು ದೊಡ್ಡ ವಿಷಯವಾಗಿರಲಿಲ್ಲ.

ಕಾರಿನ ಗ್ರಾಹಕ ಹಾಗಲ್ಲ. 2008ರಲ್ಲಿ ಮರ್ಸಿಡಿಸ್ ಬೆಂಜ್ ತನ್ನ ದೊಡ್ಡ ಕಾರುಗಳನ್ನು ‘ಬ್ಲೂಟೆಕ್’ ಎಂಬ ಹೆಸರಿನಲ್ಲಿ, ಆಡ್‌ಬ್ಲೂ ಟ್ಯಾಂಕಿನೊಂದಿಗೆ ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಗ್ರಾಹಕ ದ್ರವದ ಗೋಜಿಗೇ ಹೋಗಬೇಕಾಗಿಲ್ಲ, ಸರ್ವಿಸ್‌ಗೆ ಬಂದಾಗ ಗ್ಯಾರೇಜಿನವರೇ ತುಂಬಿಸುತ್ತಾರೆ ಎಂಬುದು ಅಂದಿನ ತಯಾರಕರ ಭರವಸೆಯಾಗಿತ್ತು. ಸುಖಾಸುಮ್ಮನೆ ಕೊಟ್ಟ ಆ ಭರವಸೆಯೇ ಕೆಲವರ ಕೊರಳಿಗೆ ಉರುಳಾಯಿತು.

ರಸ್ತೆಯಲ್ಲಿ ಬಯಲಾದ ಗುಟ್ಟು

2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮೂರು ಡೀಸೆಲ್ ಕಾರುಗಳನ್ನು ಪ್ರಯೋಗಾಲಯದ ಬದಲು ನಿಜವಾದ ರಸ್ತೆಯಲ್ಲಿ ಓಡಿಸಿ, ಡಿಕ್ಕಿಯಲ್ಲಿ ಅಳತೆಯ ಯಂತ್ರವಿಟ್ಟು ಪರೀಕ್ಷಿಸಿದರು. ಇಂಟರ್‌ನ್ಯಾಷನಲ್ ಕೌನ್ಸಿಲ್ ಆನ್ ಕ್ಲೀನ್ ಟ್ರಾನ್ಸ್‌ಪೋರ್ಟೇಷನ್ ಎಂಬ ಸಂಸ್ಥೆ ಇದಕ್ಕೆ ಹಣ ನೀಡಿತ್ತು. ಡ್ಯಾನ್ ಕಾರ್ಡರ್ ನೇತೃತ್ವದ ಈ ತಂಡದಲ್ಲಿ ಅಂದು ವಿದ್ಯಾರ್ಥಿಗಳಾಗಿದ್ದ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಷ್ ಜೊತೆಗೆ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಇದ್ದರು ಎಂಬುದು ಇಲ್ಲಿ ಗಮನಾರ್ಹ.

ದ್ರವವಿಲ್ಲದ ಫೋಕ್ಸ್‌ವ್ಯಾಗನ್ ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು ನಾಕ್ಸ್ ಉಗುಳಿತು. ಯೂರಿಯಾ ವ್ಯವಸ್ಥೆ ಇದ್ದ ಪಸಾಟ್ ಕೂಡ 5ರಿಂದ 20 ಪಟ್ಟು ಮೀರಿತ್ತು. ಅದೇ ದ್ರವ ವ್ಯವಸ್ಥೆಯಿದ್ದ ಬಿಎಂಡಬ್ಲ್ಯು ಎಕ್ಸ್5 ಬಹುಮಟ್ಟಿಗೆ ಮಿತಿಯೊಳಗೇ ಓಡಿತು. ದೋಷ ರಸಾಯನಶಾಸ್ತ್ರದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ವರದಿ 2014ರಲ್ಲಿ ಪ್ರಕಟವಾಯಿತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಜಾರಿ ಮಾಡಿತು. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಸಾಚಾತನ ತೋರುವ ತಂತ್ರಾಂಶ ಕಾರಿನಲ್ಲಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಅದು ಅಡಗಿತ್ತೆಂದು ಕಂಪನಿಯೇ ಒಪ್ಪಿಕೊಂಡಿತು.

ಇದೇ ಸಮೂಹದ 3.0 ಲೀಟರ್ ಎಂಜಿನ್‌ಗಳ ದೊಡ್ಡ ಕಾರುಗಳ ಪ್ರಕರಣ ಈ ಲೇಖನದ ವಿಷಯಕ್ಕೆ ಇನ್ನೂ ಹತ್ತಿರ. ಸರ್ವಿಸ್‌ನಿಂದ ಸರ್ವಿಸ್‌ಗೆ, ಅಂದರೆ 10 ಸಾವಿರ ಮೈಲಿ ಅಥವಾ ಸುಮಾರು 16 ಸಾವಿರ ಕಿಲೋಮೀಟರ್, ಆಡ್‌ಬ್ಲೂ ತುಂಬಿಸಬೇಕಿಲ್ಲ ಎಂಬ ಮಾತು ಕೊಟ್ಟಾಗಿತ್ತು. ಟ್ಯಾಂಕು ಅಷ್ಟು ದೊಡ್ಡದಿರಲಿಲ್ಲ. ಹೀಗಾಗಿ ಪರೀಕ್ಷೆಯ ಹೊರಗೆ ಸಿಂಪರಣೆಯನ್ನೇ ಮೊಟಕುಗೊಳಿಸಲಾಯಿತು.

2021ರ ಜುಲೈ 8ರಂದು ಹೊರಬಿದ್ದ ಐರೋಪ್ಯ ಆಯೋಗದ ತೀರ್ಪು ಮತ್ತೊಂದು ಪರದೆ ಸರಿಸಿತು. ಡೈಮ್ಲರ್, ಬಿಎಂಡಬ್ಲ್ಯು ಹಾಗೂ ಆಡಿ, ಪೋರ್ಷೆಗಳನ್ನೊಳಗೊಂಡ ಫೋಕ್ಸ್‌ವ್ಯಾಗನ್ ಸಮೂಹವು 2009ರಿಂದ 2014ರವರೆಗೆ ಸಭೆ ಸೇರಿ ಆಡ್‌ಬ್ಲೂ ಟ್ಯಾಂಕಿನ ಗಾತ್ರ, ಒಮ್ಮೆ ತುಂಬಿಸಿದರೆ ಕ್ರಮಿಸುವ ದೂರ, ಸರಾಸರಿ ಬಳಕೆಯ ಅಂದಾಜು ಇವುಗಳ ಬಗ್ಗೆ ಒಪ್ಪಂದಕ್ಕೆ ಬಂದಿದ್ದವು. ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಶುದ್ಧಗೊಳಿಸುವ ಸಾಮರ್ಥ್ಯವಿದ್ದರೂ ಆ ವಿಷಯದಲ್ಲಿ ಪೈಪೋಟಿ ನಡೆಸದಿರಲು ನಿರ್ಧರಿಸಿದ್ದವು. ಎರಡು ಸಮೂಹಗಳಿಗೆ ಒಟ್ಟು 87.5 ಕೋಟಿ ಯೂರೋ ದಂಡ ಬಿದ್ದಿತು. ಗುಟ್ಟು ಬಿಟ್ಟುಕೊಟ್ಟ ಡೈಮ್ಲರ್‌ಗೆ ವಿನಾಯಿತಿ ದೊರೆಯಿತು. ಬೆಲೆ ನಿಗದಿಯ ಕೂಟಗಳು ಜಗತ್ತಿಗೆ ಹೊಸತಲ್ಲ. ತಂತ್ರಜ್ಞಾನದ ಬೆಳವಣಿಗೆಯನ್ನೇ ತಡೆದ ಕೂಟಕ್ಕೆ ಆಯೋಗ ಶಿಕ್ಷೆ ವಿಧಿಸಿದ್ದು ಅದೇ ಮೊದಲು.

ಭಾರತಕ್ಕೆ ಬಂದಾಗ

ನಮ್ಮಲ್ಲಿ ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಬಿಎಸ್-5 ಹಂತವನ್ನೇ ಬಿಟ್ಟು ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಜಿಗಿಯುವುದಾಗಿ ಪ್ರಕಟಿಸಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, 2020ರ ಏಪ್ರಿಲ್ 1ರಿಂದ ಬಿಎಸ್-4 ವಾಹನಗಳನ್ನು ಮಾರುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿತು. ಡೀಸೆಲ್ ಕಾರು ಪ್ರತಿ ಕಿಲೋಮೀಟರಿಗೆ ಹೊರಬಿಡಬಹುದಾದ ನಾಕ್ಸ್ 250 ಮಿಲಿಗ್ರಾಂನಿಂದ 80ಕ್ಕೆ, ಕಣಗಳ ಪ್ರಮಾಣ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಡೀಸೆಲ್‌ನಲ್ಲಿನ ಗಂಧಕವೂ ಹತ್ತು ಲಕ್ಷಕ್ಕೆ 50 ಪಾಲಿನಿಂದ 10 ಪಾಲಿಗೆ ತಗ್ಗಿತು. ಮರ್ಸಿಡಿಸ್ ಬೆಂಜ್ ಗಡುವಿಗೆ ಎರಡು ವರ್ಷ ಮೊದಲೇ, 2018ರ ಜನವರಿಯಲ್ಲಿ, ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಿಸಿದ ಎಸ್-ಕ್ಲಾಸ್ ಡೀಸೆಲ್ ಕಾರನ್ನು ಬಿಎಸ್-6 ಮಟ್ಟದಲ್ಲಿ ಬಿಡುಗಡೆ ಮಾಡಿತ್ತು.

ಸಣ್ಣ ಕಾರುಗಳಿಗೆ ಈ ಖರ್ಚು ಹೊರೆಯಾಯಿತು. ಮಾರುತಿ ಸುಜುಕಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಉಳಿದವರಲ್ಲಿ ಕೆಲವರು ದ್ರವವಿಲ್ಲದೆ ನಾಕ್ಸ್ ಅನ್ನು ಹಿಡಿದಿಟ್ಟು, ಆಗಾಗ ಹೆಚ್ಚುವರಿ ಡೀಸೆಲ್ ಬಳಸಿ ಸುಡುವ ಎಲ್‌ಎನ್‌ಟಿ ವಿಧಾನ ಆರಿಸಿಕೊಂಡರು. 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700ರಂತಹ ದೊಡ್ಡ ಡೀಸೆಲ್ ವಾಹನಗಳಲ್ಲಿ ನೀಲಿ ಮುಚ್ಚಳ ಕಾಣಿಸಿಕೊಂಡಿತು. 2023ರ ಏಪ್ರಿಲ್ 1ರಿಂದ ರಸ್ತೆಯ ಮೇಲಿನ ಪರೀಕ್ಷೆಯೂ ಕಡ್ಡಾಯವಾದ ಬಳಿಕ ದ್ರವ ವ್ಯವಸ್ಥೆಯತ್ತ ವಾಲುವುದು ಇನ್ನಷ್ಟು ಅನಿವಾರ್ಯವಾಯಿತು.

ಮಾಲೀಕರು ತಿಳಿದಿರಬೇಕಾದದ್ದು

ದ್ರವ ಮುಗಿದರೆ ಓಡುತ್ತಿರುವ ಕಾರು ನಡುರಸ್ತೆಯಲ್ಲಿ ನಿಲ್ಲುವುದಿಲ್ಲ. ಎಂಜಿನ್ ಆರಿಸಿದ ಮೇಲೆ ಮರುಚಾಲನೆ ಮಾತ್ರ ಸಾಧ್ಯವಿಲ್ಲ. ಯುರೋಪಿನ ನಿಯಮದಂತೆ ಮೊದಲ ಎಚ್ಚರಿಕೆ 2400 ಕಿಲೋಮೀಟರ್ ಬಾಕಿ ಇರುವಾಗಲೇ ಬರಬೇಕು. ಆದ್ದರಿಂದ ಗಾಬರಿಗೆ ಕಾರಣವಿಲ್ಲ, ಉದಾಸೀನಕ್ಕೂ ಕಾರಣವಿಲ್ಲ.

ದ್ರವವನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀಲಿಯನ್ನು ಮುಟ್ಟಲೇಬಾರದು. ಎಂಜಿನ್ ಚಾಲೂ ಮಾಡಿದರೆ ದ್ರವ ಇಂಧನದ ಪಂಪು, ಇಂಜೆಕ್ಟರ್‌ಗಳವರೆಗೆ ತಲುಪಿ ಲೋಹವನ್ನು ಕೊರೆಯುತ್ತದೆ. ಟೋಯಿಂಗ್ ಮಾಡಿಸಿ ಟ್ಯಾಂಕ್ ತೊಳೆಸುವುದೊಂದೇ ದಾರಿ. ಅಚಾತುರ್ಯ ತಪ್ಪಲೆಂದೇ ಪಂಪಿನ ಡಿಇಎಫ್ ನಳಿಕೆ 19 ಮಿಲಿಮೀಟರ್ ಇರುತ್ತದೆ, ಡೀಸೆಲ್ ನಳಿಕೆ ಅದಕ್ಕಿಂತ ದಪ್ಪ. ಆದರೆ ನಮ್ಮಲ್ಲಿ ಕ್ಯಾನಿನಿಂದ ಆಲಿಕೆ ಹಿಡಿದು ಸುರಿಯುವ ರೂಢಿಯೇ ಹೆಚ್ಚು. ಆಲಿಕೆಗೆ ಅಳತೆಯ ಅರಿವಿಲ್ಲ. ಎಣ್ಣೆ ಮೆತ್ತಿದ ಆಲಿಕೆಯಂತೂ ಬೇಡವೇ ಬೇಡ.

ದಾಸ್ತಾನಿನಲ್ಲಿ ಬಿಸಿಲೇ ಶತ್ರು. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 22241ರ ಪ್ರಕಾರ 25 ಡಿಗ್ರಿಯಲ್ಲಿಟ್ಟ ದ್ರವ 18 ತಿಂಗಳು, 30 ಡಿಗ್ರಿಯಲ್ಲಿ 12 ತಿಂಗಳು, 35 ಡಿಗ್ರಿಯಲ್ಲಿ 6 ತಿಂಗಳು ಬಾಳುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಅಂಗಡಿಯ ಮುಂದೆ ಬಿಸಿಲಿಗೆ ಒಡ್ಡಿಟ್ಟ ಡಬ್ಬಿಯನ್ನು ಕೊಳ್ಳುವ ಮುನ್ನ ತಯಾರಿಕೆಯ ದಿನಾಂಕ ನೋಡುವುದು ಜಾಣತನ.

ಹೊಲದ ಗೊಬ್ಬರ, ಕಾರಿನ ದ್ರವ

ಯೂರಿಯಾ ಚೀಲ ತಂದು ನೀರಿನಲ್ಲಿ ಕರಗಿಸಿದರಾಯಿತಲ್ಲ ಎಂಬ ಯೋಚನೆ ಬರುವುದು ಸಹಜ. ರೈತರಿಗೆ ಸಹಾಯಧನದಲ್ಲಿ ಸಿಗುವ 45 ಕಿಲೋ ಚೀಲದ ದರ, ಬೇವಿನ ಲೇಪನದ ಶುಲ್ಕ ಮತ್ತು ತೆರಿಗೆ ಬಿಟ್ಟು, 242 ರೂಪಾಯಿ. ಮೇಲಿನ ಲೆಕ್ಕದಂತೆ ಅದರಿಂದ ಸುಮಾರು 127 ಲೀಟರ್ ದ್ರವ ತಯಾರಿಸಬಹುದು. ಆಮಿಷದ ಗಾತ್ರ ಇದರಿಂದಲೇ ಅರ್ಥವಾಗುತ್ತದೆ. ಕೃಷಿ ಯೂರಿಯಾ ಕೈಗಾರಿಕೆಗಳಿಗೆ ಸೋರುವುದನ್ನು ತಡೆಯುವುದೂ 2015ರಲ್ಲಿ ಬೇವಿನ ಎಣ್ಣೆಯ ಲೇಪನ ಕಡ್ಡಾಯಗೊಳಿಸಿದ್ದರ ಒಂದು ಉದ್ದೇಶವಾಗಿತ್ತು.

ಹೊಲಕ್ಕೆ ಹಿತವಾದ ಈ ಗೊಬ್ಬರ ವೇಗವರ್ಧಕಕ್ಕೆ ವಿಷ. ದ್ರವದಲ್ಲಿ ಬಯುರೆಟ್ ಎಂಬ ಕಲ್ಮಶ ಶೇ. 0.3 ಮೀರಬಾರದು, ಕ್ಯಾಲ್ಸಿಯಂ ಒಂದು ಕಿಲೋಗೆ 0.5 ಮಿಲಿಗ್ರಾಂ ದಾಟಬಾರದು. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಒಂದು ಲೋಟದಲ್ಲೇ ಅದರ ಹಲವು ಪಟ್ಟು ಕ್ಯಾಲ್ಸಿಯಂ ಇರುತ್ತದೆ. ಅದು ವೇಗವರ್ಧಕದ ಸೂಕ್ಷ್ಮ ರಂಧ್ರಗಳ ಮೇಲೆ ಪದರವಾಗಿ ಕೂರುತ್ತದೆ. ಒಮ್ಮೆ ಹಾಳಾದ ವೇಗವರ್ಧಕವನ್ನು ಬದಲಿಸುವ ಖರ್ಚಿನ ಮುಂದೆ ದ್ರವದಲ್ಲಿ ಉಳಿಸಿದ ಹಣ ಲೆಕ್ಕಕ್ಕೇ ಬರದು.

ಯೂರಿಯಾದ ನಂಟು ದೇಶಗಳನ್ನೂ ಕಾಡಿದೆ. 2021ರ ಅಕ್ಟೋಬರ್‌ನಲ್ಲಿ ಚೀನಾ ಯೂರಿಯಾ ರಫ್ತನ್ನು ಬಿಗಿಗೊಳಿಸಿದಾಗ, ಕೈಗಾರಿಕಾ ಯೂರಿಯಾಕ್ಕೆ ಬಹುತೇಕ ಚೀನಾವನ್ನೇ ನಂಬಿದ್ದ ದಕ್ಷಿಣ ಕೊರಿಯಾದಲ್ಲಿ ಲಾರಿ, ಕಾರುಗಳು ದ್ರವಕ್ಕಾಗಿ ಸಾಲುಗಟ್ಟಿದವು. ನವೆಂಬರ್‌ನಲ್ಲಿ ಆ ದೇಶದ ವಾಯುಪಡೆಯ ವಿಮಾನ ಆಸ್ಟ್ರೇಲಿಯಾದಿಂದ ಸುಮಾರು 27 ಸಾವಿರ ಲೀಟರ್ ದ್ರವ ಹೊತ್ತು ತಂದಿತು.

ಕಾಣದ ಹೊಗೆ, ಕಾಣದ ಪರೀಕ್ಷೆ

ದ್ರವದ ಖರ್ಚು, ಸೆನ್ಸರ್‌ಗಳ ದುರಸ್ತಿಯಿಂದ ಬೇಸತ್ತವರಿಗೆ ‘ಎಮ್ಯುಲೇಟರ್’ ಎಂಬ ಅಡ್ಡದಾರಿಯೂ ಇದೆ. ದ್ರವ ಸಿಂಪರಣೆಯಾಗುತ್ತಿದೆ, ಎಲ್ಲವೂ ಸರಿಯಾಗಿದೆ ಎಂದು ಕಾರಿನ ಕಂಪ್ಯೂಟರಿಗೆ ಸುಳ್ಳು ವರದಿ ಒಪ್ಪಿಸುವ ಪುಟ್ಟ ಪೆಟ್ಟಿಗೆ ಇದು. ಕೆಲವೆಡೆ ತಂತ್ರಾಂಶವನ್ನೇ ತಿದ್ದಲಾಗುತ್ತದೆ. ಹಿಂದೆ ಕಂಪನಿಗಳು ಮಾಡಿದ್ದನ್ನೇ ಇಲ್ಲಿ ಮಾಲೀಕರು ಮಾಡುತ್ತಾರೆ. ಕಾರಿನ ಓಟದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಹೊಗೆಯ ಬಣ್ಣವೂ ಬದಲಾಗುವುದಿಲ್ಲ.

ಸಿಕ್ಕಿಬೀಳುವ ಭಯವಾದರೂ ಇದೆಯೇ ಎಂದರೆ ಅದೂ ಅಷ್ಟಕ್ಕಷ್ಟೆ. ಪೆಟ್ರೋಲ್ ಬಂಕ್‌ಗಳ ಪಕ್ಕದ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಡೀಸೆಲ್ ವಾಹನಕ್ಕೆ ನಡೆಯುವುದು ಹೊಗೆಯ ಸಾಂದ್ರತೆಯ ಪರೀಕ್ಷೆ. ನಿಂತ ಕಾರಿನ ಆಕ್ಸಿಲರೇಟರ್ ಒತ್ತಿ, ಹೊಗೆಯ ಮೂಲಕ ಬೆಳಕು ಎಷ್ಟು ಹಾಯುತ್ತದೆ ಎಂದು ಅಳೆಯಲಾಗುತ್ತದೆ. ಮಸಿ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಸಾರಜನಕದ ಆಕ್ಸೈಡ್‌ಗಳನ್ನು ಆ ಯಂತ್ರ ಅಳೆಯುವುದೇ ಇಲ್ಲ. ನೀಲಿ ಮುಚ್ಚಳದ ಟ್ಯಾಂಕ್ ಬರಿದಾಗಿದ್ದು, ಎಮ್ಯುಲೇಟರ್ ಹಾಕಿಸಿಕೊಂಡ ಕಾರಿಗೂ ಅಲ್ಲಿ ಪ್ರಮಾಣಪತ್ರ ಸಿಗುತ್ತದೆ.